ಹಳೇ ಕುರ್ಚಿ, ಹಳೇ ಬೀರು: ತಲೆಕೆಳಗೆ ಮಾಡಿ ನೋಡಿ, ಆಮೇಲೆ ಚೌಕಾಶಿ ಮಾಡಿ

ಹಳೇ ಪೀಠೋಪಕರಣ ಕೊಳ್ಳಲು ಹೋದವರು ಮೊದಲು ನೋಡುವುದು ಪಾಲಿಶ್. ಅದನ್ನು ಕೊನೆಗೆ ನೋಡಬೇಕು. ಹೊಳಪು ಎರಡು ಮೂರು ದಿನದ ಕೆಲಸ, ದುಡ್ಡು ಕೊಟ್ಟರೆ ಯಾರು ಬೇಕಾದರೂ ತರಿಸುತ್ತಾರೆ. ಒಳಗಿನ ಮರ ಟೊಳ್ಳಾಗಿದ್ದರೆ, ಜಾಯಿಂಟು ಹೋಗಿದ್ದರೆ ಮಾತ್ರ ರಿಪೇರಿ ಖರ್ಚಿಗೆ ಕೊನೆಯೇ ಇರುವುದಿಲ್ಲ. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಅಂಗಡಿ ಇರಲಿ, ಚಿಕ್ಕಮಗಳೂರಿನ ಕಡೆ ಯಾರೋ ತೋಟದ ಮನೆ ಖಾಲಿ ಮಾಡುತ್ತಿರಲಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಇರಲಿ, ವಸ್ತುವನ್ನು ತಲೆಕೆಳಗೆ ಮಾಡಿ ನೋಡುವ ತನಕ ರೇಟಿನ ಮಾತು ಎತ್ತಬೇಡಿ. 'ಅದ್ಯಾಕೆ ಸಾರ್, ಗ್ಯಾರಂಟಿ ಮಾಲು' ಅಂತ ತಡೆದರೆ ಇನ್ನೂ ಚೆನ್ನಾಗಿ ನೋಡಿ.

ಹೊರಡುವ ಮೊದಲು ಅಳತೆ

ಮನೆಯ ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಒಳಗಿನ ಎತ್ತರ. ಈ ಮೂರನ್ನು ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಹಳೇ ಕಾಲದ ಬೀರುಗಳನ್ನು ಅಪಾರ್ಟ್‌ಮೆಂಟಿಗೆ ಅಂತ ಮಾಡಿದ್ದಲ್ಲ. ಕೆಲವನ್ನು ಬಿಚ್ಚಿ ಸಾಗಿಸಬಹುದು, ಕೆಲವನ್ನು ಆಗುವುದಿಲ್ಲ, ಕೇಳಿ. ಮಂಚವಾದರೆ ಹಾಸಿಗೆಯ ಜಾಗದ ಅಳತೆಯನ್ನೂ ತೆಗೆದುಕೊಳ್ಳಿ. ಈಗ ಅಂಗಡಿಯಲ್ಲಿ ಸಿಗುವ ಹಾಸಿಗೆ 60×78 ಅಥವಾ 72×78 ಇಂಚು, ಹಳೇ ಬೀಟೆ ಮಂಚಗಳು ಆ ಲೆಕ್ಕಕ್ಕೆ ಬರುವುದು ಕಮ್ಮಿ. ಹೇಳಿ ಮಾಡಿಸಿದ ಹಾಸಿಗೆಯ ಖರ್ಚನ್ನೂ ಮಂಚದ ಬೆಲೆಗೆ ಸೇರಿಸಿಕೊಳ್ಳಿ. ತೋಟದ ಮನೆ ಜಗಲಿಯ ಈಸಿಚೇರು ಬೇಕು ಅನ್ನುವವರು, ಕಾಲು ಚಾಚಲು ಇರುವ ಉದ್ದನೆಯ ಕೈಗಳನ್ನು ಪೂರ್ತಿ ಹೊರಗೆ ತಿರುಗಿಸಿ ಅಳೆಯಿರಿ. ಮಡಿಸಿಟ್ಟಾಗ ಸಾಧುವಾಗಿ ಕಾಣುವ ಕುರ್ಚಿ ಬಿಚ್ಚಿದಾಗ ಹಾಲಿನ ಅರ್ಧ ಜಾಗ ನುಂಗುತ್ತದೆ.

ಈಗ ತಲೆಕೆಳಗೆ

ಕುರ್ಚಿಯ ಅಡಿ, ಡ್ರಾಯರಿನ ತಳ, ಬೀರುವಿನ ಬೆನ್ನು. ಸಾಮಾನ್ಯವಾಗಿ ಇಲ್ಲಿ ಯಾರೂ ಪಾಲಿಶ್ ಹಾಕಿರುವುದಿಲ್ಲ, ಅಸಲಿ ಮರ ಕಾಣುತ್ತದೆ. ತೇಗ ಹೊಂಬಣ್ಣ ಬೆರೆತ ಕಂದು, ಕೈಗೆ ಒಂಚೂರು ಜಿಡ್ಡು, ಉಗುರಿನಲ್ಲಿ ಕೆರೆದರೆ ಅದರದ್ದೇ ಒಂದು ವಾಸನೆ. ಬೀಟೆ ಕಡುಕಂದು, ನೇರಳೆ ಛಾಯೆ, ನಡುನಡುವೆ ಕಪ್ಪು ಗೆರೆ, ಅದೇ ಅಳತೆಯ ತೇಗದ ತುಂಡಿಗಿಂತ ಎತ್ತಲು ಭಾರ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪು-ಕಂದಿಗೆ ತಿರುಗುತ್ತದೆ. ಒಳ್ಳೆಯ ಮರವೇ, ಆದರೆ ಅದಕ್ಕೆ ಕಪ್ಪು ಬಣ್ಣ ಬಳಿದು ಬೀಟೆ ರೇಟು ಕೇಳಿದರೆ ಕೊಡಬೇಕಾಗಿಲ್ಲ ಅಲ್ವಾ? ಮೇಲೆ ಕಪ್ಪಾಗಿದ್ದು ಅಡಿಯಲ್ಲಿ ಕೆರೆದ ಕಡೆ ಬಿಳಿಚಿಕೊಂಡಿದ್ದರೆ ಉತ್ತರ ಸಿಕ್ಕಿತು.

ಮೊಳೆ, ಸ್ಕ್ರೂಗಳನ್ನೂ ನೋಡಿ. ನಕ್ಷತ್ರದ ತಲೆಯ (+ ಆಕಾರದ ಗೀರಿನ) ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. 'ನೂರಿಪ್ಪತ್ತು ವರ್ಷದ ಬ್ರಿಟಿಷ್ ಕುರ್ಚಿ'ಯಲ್ಲಿ ಅದೇ ತುಂಬಿದ್ದರೆ ಒಂದೋ ರಿಪೇರಿ ಆಗಿದೆ, ಇಲ್ಲವೇ ಕುರ್ಚಿಯೇ ನಿನ್ನೆ ಮೊನ್ನೆಯದು. ಡ್ರಾಯರಿನ ಮೂಲೆಯಲ್ಲಿ ಹಲಗೆಗೆ ಹಲ್ಲು ಕತ್ತರಿಸಿ ಒಂದರೊಳಗೊಂದು ಕೂರಿಸಿದ್ದು, ಆ ಹಲ್ಲುಗಳ ಅಳತೆಯಲ್ಲಿ ಚೂರು ಹೆಚ್ಚುಕಮ್ಮಿ ಇದ್ದರೆ ಅದು ಕೈಕೆಲಸ. ಸವೆತ ಕೂಡ ಸುಳ್ಳು ಹೇಳುವುದಿಲ್ಲ: ಕೈಯಿಡುವ ತುದಿ, ಕಾಲು ತಾಗುವ ಅಡ್ಡಪಟ್ಟಿ, ಡ್ರಾಯರ್ ಜಾರುವ ಅಂಚು ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಹಳೇದಾಗಿ ಕಾಣಲಿ ಅಂತ ಯಾರೋ ಬೇಕಂತಲೇ ಉಜ್ಜಿ ಸವೆಸಿದ್ದಾರೆ. ಚಂಡೀಗಢದ ಸರ್ಕಾರಿ ಕಚೇರಿಗಳಿಗೆಂದು 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜೀನರೆ ರೂಪಿಸಿದ ತೇಗ-ಬೆತ್ತದ ಕುರ್ಚಿಗಳು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದ ಮೇಲೆ ಅದರ ನಕಲು ಎಲ್ಲೆಡೆ ಸಿಗುತ್ತಿದೆ. ನಕಲಿನ ರೇಟಿಗೆ ನಕಲು ಕೊಂಡರೆ ನನ್ನ ತಕರಾರೇನಿಲ್ಲ, ಕೂರಲು ಚೆನ್ನಾಗಿಯೇ ಇರುತ್ತದೆ.

ಕುಟ್ಟೆ ಇದೆಯೇ?

ಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುವ ಜಾಗ ಇದು. ಗುಂಡುಸೂಜಿ ತಲೆಯಷ್ಟು ಸಣ್ಣ ತೂತುಗಳು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಕಂಡರೆ ಅದು ಕುಟ್ಟೆ ಹುಳ. ತೂತು ಇದೆ ಅಂದಮಾತ್ರಕ್ಕೆ ಹುಳ ಇದೆ ಅಂತಲ್ಲ, ತೂತು ಹುಳ ಹೊರಗೆ ಹೋದ ದಾರಿ, ಯಾವತ್ತೋ ಹೋಗಿರಬಹುದು. ಪುಡಿ ಹೊಸದಾಗಿ, ತಿಳಿಬಣ್ಣದಲ್ಲಿ ಇದ್ದರೆ ಒಳಗೆ ಇನ್ನೂ ಕೆಲಸ ನಡೆಯುತ್ತಿದೆ. ಅನುಮಾನ ಬಂದರೆ ಒರೆಸಿ, ಅಡಿಗೆ ಕಪ್ಪು ಕಾಗದ ಹಾಸಿ, ಎರಡು ಮೂರು ವಾರ ಬಿಟ್ಟು ನೋಡಬೇಕು, ಅಂಗಡಿಯವರು ಒಪ್ಪಿದರೆ.

ಹುಳ ತಿನ್ನುವುದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು, ಅಲ್ಲಿ ಪಿಷ್ಟ ಇರುತ್ತದೆ. ತೇಗ, ಬೀಟೆಯ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಬಾಯಿ ಹಾಕುವುದು ಅಪರೂಪ. ಅದಕ್ಕೇ ಒಂದು ಅಂಚಿನಲ್ಲಿ ಮಾತ್ರ ನಾಲ್ಕು ತೂತಿದ್ದರೆ ಹೆದರಿ ಬಿಡಬೇಡಿ, ರೇಟು ಇಳಿಸಲು ಅದನ್ನೇ ತೋರಿಸಿ. ಕುರ್ಚಿಯ ಕಾಲಿಗೆ ಸ್ಕ್ರೂ ಡ್ರೈವರ್ ಹಿಡಿಕೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ತುದಿಯಿಂದ ಒತ್ತಿದಾಗ ಒಳಗೆ ಇಳಿದರೆ, ನಮಸ್ಕಾರ ಹೇಳಿ ಬನ್ನಿ. ಗೆದ್ದಲು ಹಿಡಿದದ್ದೂ ಅಷ್ಟೇ, ಮಣ್ಣಿನ ಗೆರೆ ಕಂಡ ವಸ್ತುವನ್ನು ಮನೆಯೊಳಗೆ ತರುವುದು ಬೇಡ. ಸ್ವಲ್ಪ ಕುಟ್ಟೆಯಿರುವುದನ್ನು ತಂದರೆ ಪಾಲಿಶ್ ತೆಗೆದು, ಬೋರಿಕ್ ಆಸಿಡ್-ಬೋರಾಕ್ಸ್ ದ್ರಾವಣವನ್ನು ಬರೀ ಮರಕ್ಕೆ ಹಚ್ಚಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಬೇಕು. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದೇ ಇಲ್ಲ.

ಅಲ್ಲಾಡುವ ಕುರ್ಚಿ ಕೆಟ್ಟ ಕುರ್ಚಿಯಲ್ಲ

ಬೆನ್ನು ಹಿಡಿದು ಮೂಲೆಯಿಂದ ಮೂಲೆಗೆ ಅಲ್ಲಾಡಿಸಿ. ಹಳೇ ಕೆಲಸದಲ್ಲಿ ಸಾಮಾನ್ಯವಾಗಿ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ಹಾಕಿರುತ್ತಾರೆ, ಅದು ಬಿಸಿನೀರಿಗೆ, ಆವಿಗೆ ಬಿಟ್ಟುಕೊಳ್ಳುತ್ತದೆ. ಬಡಗಿ ಜಾಯಿಂಟು ಬಿಚ್ಚಿ, ಹಳೇ ಸರೇಸು ಪೂರ್ತಿ ಕೆರೆದು, ಹೊಸದಾಗಿ ಅಂಟು ಹಾಕಿ ಕ್ಲಾಂಪಿನಲ್ಲಿ ಬಿಗಿದರೆ ಮತ್ತೆ ಗಟ್ಟಿ. ಹಳೇದರ ಮೇಲೇ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ, ಇದನ್ನು ಬಡಗಿಗೆ ಮೊದಲೇ ಹೇಳಿ. ನನಗೆ ಭಯ ಇರುವುದು ಅಲ್ಲಾಡುವ ಕುರ್ಚಿಯ ಬಗ್ಗೆ ಅಲ್ಲ, ಯಾರೋ ಆಗಲೇ 'ರಿಪೇರಿ' ಮಾಡಿ ಕಬ್ಬಿಣದ ಪಟ್ಟಿ ಹೊಡೆದಿರುವುದರ ಬಗ್ಗೆ. ಮೊಳೆ ಬಿದ್ದು ಸೀಳಿದ ಕಾಲನ್ನು ಬದಲಿಸದೆ ದಾರಿಯಿಲ್ಲ.

ಬೆತ್ತ ಹರಿದಿದ್ದರೆ ಚೌಕಟ್ಟಿನ ಅಂಚು ನೋಡಿ. ಸುತ್ತ ಸಣ್ಣ ತೂತುಗಳ ಸಾಲಿದ್ದರೆ ಒಂದೊಂದೇ ಎಳೆಯನ್ನು ಕೈಯಲ್ಲಿ ಹೆಣೆಯಬೇಕು, ಅದು ದಿನಗಟ್ಟಲೆಯ ಕೆಲಸ. ಉದ್ದಕ್ಕೆ ಕಾಲುವೆ ಕೊರೆದಿದ್ದರೆ ಹೆಣೆದ ಹಾಳೆ ತಂದು ಒಳಗೆ ಒತ್ತಿದರಾಯಿತು, ಖರ್ಚೂ ಕಮ್ಮಿ. ಬೆತ್ತ ಬರೀ ಜೋತು ಬಿದ್ದಿದ್ದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ ನೋಡಿ, ಎಷ್ಟೋ ಸಲ ತಾನೇ ಬಿಗಿಯಾಗುತ್ತದೆ.

ಲೆಕ್ಕ

ಕೇಳಿದ ಬೆಲೆ ಬೆಲೆಯಲ್ಲ. ಸುಮ್ನೆ ಉದಾಹರಣೆಗೆ, ಈಸಿಚೇರಿಗೆ 8,000 ಅಂದುಕೊಳ್ಳಿ. ಟೆಂಪೊ 1,500, ಬೆತ್ತ 3,000, ಬಡಗಿಗೆ 1,500, ಪಾಲಿಶಿಗೆ 3,000. ಅಲ್ಲಿಗೆ 17,000 ಆಯಿತು. ನಿಮ್ಮ ಊರಿನಲ್ಲಿ ರೇಟು ಬೇರೆ ಇರುತ್ತದೆ, ಕೊಳ್ಳುವ ಮೊದಲೇ ಫೋಟೊ ತೋರಿಸಿ ಬಡಗಿಯನ್ನು, ಬೆತ್ತದವರನ್ನು ಕೇಳಿ. ಈ ಮೊತ್ತವನ್ನು ಹೊಸ ತೇಗದ ಕುರ್ಚಿಯ ಜೊತೆ ಹೋಲಿಸಿ. ಪ್ಲೈವುಡ್ಡಿನ ಆನ್‌ಲೈನ್ ಕುರ್ಚಿ ಜೊತೆ ಅಲ್ಲ, ಆ ಹೋಲಿಕೆಯಲ್ಲಿ ಹಳೇದು ಯಾವತ್ತೂ ದುಬಾರಿಯಾಗಿಯೇ ಕಾಣುತ್ತದೆ. ಮಾರಿ ಲಾಭ ಮಾಡುವ ಯೋಚನೆಯಿಂದ ಕೊಳ್ಳಬೇಡಿ, ಅದು ಅಂಗಡಿಯವರ ದಂಧೆ.

ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬೈಯ ಓಶಿವಾರ ಮಾರುಕಟ್ಟೆಗಳ ತನಕ ಹೋಗುವವರಿದ್ದಾರೆ. ಆಯ್ಕೆ ಜಾಸ್ತಿ, ಸಾಗಣೆ ಖರ್ಚೂ ಜಾಸ್ತಿ. ಇನ್ನೊಂದು ವಿಷಯ: ಕರಾವಳಿಯ ಆರ್ದ್ರತೆಯಲ್ಲಿ ವರ್ಷಗಟ್ಟಲೆ ಇದ್ದ ಬೀರುವನ್ನು ಬಳ್ಳಾರಿಯ ಒಣ ಹವೆಗೆ ತಂದರೆ ಮರ ಕುಗ್ಗಿ ಹಲಗೆ ಸೀಳಬಹುದು. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಮಂಚ ಕಳಿಸುವ ಆಸೆಯಿದ್ದರೆ ಮೊದಲು ಕಾನೂನು ಕೇಳಿಕೊಳ್ಳಿ. ನೂರು ವರ್ಷ ದಾಟಿದ ಕುಶಲಕೆಲಸದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತವೆ, ಖಾಸಗಿಯವರು ಹೊರಗೆ ಸಾಗಿಸುವಂತಿಲ್ಲ. ಬೀಟೆ ಮರ 2017ರಿಂದ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲೂ ಇದೆ.

ಪಾಲಿಶ್: ಕೆರೆಯುವ ಮೊದಲು ಒರೆಸಿ

ತಂದ ತಕ್ಷಣ ಸ್ಯಾಂಡ್ ಪೇಪರ್ ಹಿಡಿಯುವುದೇ ದೊಡ್ಡ ಹಾನಿ. ಮೊದಲು ಟರ್ಪೆಂಟೈನ್ ಸೋಕಿಸಿದ ಬಟ್ಟೆಯಲ್ಲಿ ಒರೆಸಿ, ಮೂವತ್ತು ವರ್ಷದ ಜಿಡ್ಡು, ಹೊಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಪಾಲಿಶ್ ಚೆನ್ನಾಗಿದ್ದರೆ ಜೇನುಮೇಣ ಹಚ್ಚಿ ಉಜ್ಜಿ, ಅಲ್ಲಿಗೆ ಮುಗೀತು. ಅದು ಸಾಲದಿದ್ದರೆ ಅಡಿಯಲ್ಲೆಲ್ಲೋ ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಉಜ್ಜಿ ನೋಡಿ. ಅಂಟಂಟಾದರೆ ಅದು ಅರಗಿನ ಹಳೇ ಸ್ಪಿರಿಟ್ ಪಾಲಿಶ್, ಅದರ ಮೇಲೆಯೇ ಹೊಸ ಕೋಟ್ ಕೂರುತ್ತದೆ. ಕೆರೆಯಲೇಬೇಕಾದರೆ 120 ನಂಬರಿನ ಸ್ಯಾಂಡ್ ಪೇಪರಿನಿಂದ ಶುರು ಮಾಡಿ 180, 220, ಮರದ ಎಳೆಯ ಉದ್ದಕ್ಕೇ ಉಜ್ಜಿ. ಮೇಲೆ ವಿನಿಯರ್, ಅಂದರೆ ತೆಳು ಮರದ ಹಾಳೆ, ಅಂಟಿಸಿದ್ದರೆ ಉಜ್ಜುವುದೇ ಬೇಡ, ತೂತು ಬೀಳುತ್ತದೆ.

ಬಣ್ಣ ಬಳಿದ ಹಳೇ ವಸ್ತು, ಅದರಲ್ಲೂ ಮಗುವಿನ ತೊಟ್ಟಿಲು, ಮಂಚ ಇದ್ದರೆ ಒಣಗಿರುವಾಗ ಕೆರೆಯಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಆ ಧೂಳು ಮಕ್ಕಳಿಗೆ ವಿಷ. ನೀರು ಹಾಕಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಮಳೆಗಾಲದಲ್ಲಿ ಪಾಲಿಶ್ ಮಾಡಿಸಬೇಡಿ, ತೇವಕ್ಕೆ ಮಸುಕು ಬಿಳಿ ಪೊರೆ ಬಂದುಬಿಡುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಬೀರು, ಈಸಿಚೇರಿಗೆ ಸ್ಪಿರಿಟ್ ಪಾಲಿಶ್ ಸಾಕು, ನೋಡಲೂ ಅದೇ ಚಂದ. ಊಟದ ಮೇಜಿಗೆ ಮಾತ್ರ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಿ, ಅರಗಿನ ಪಾಲಿಶ್ ಮೇಲೆ ಬಿಸಿ ಕಾಫಿ ಲೋಟ ಇಟ್ಟ ದಿನವೇ ಬಿಳಿ ಉಂಗುರ ಮೂಡುತ್ತದೆ.