ಮೈಲುತುತ್ತದಿಂದ ತೆಳು ಪದರ: ನನ್ನ ಅನುಭವ

ಚಿಕ್ಕಮಗಳೂರಲ್ಲಿ ಮೈಲುತುತ್ತ ಗೊತ್ತಿಲ್ಲದವರು ಕಮ್ಮಿ. ಸುಣ್ಣದ ಜೊತೆ ಕಲಸಿ, ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಮಾಡಿ ಕಾಫಿಗೆ, ಅಡಿಕೆಗೆ ಹೊಡೆಯುತ್ತೇವೆ ಅಲ್ವಾ? ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಅದೇ ಕಾಪರ್ ಸಲ್ಫೇಟ್ ಹಿಡಿದು ಗಾಜಿನ ಮೇಲೆ ಕಾಪರ್ ಆಕ್ಸೈಡ್ ಪದರ ಕೂರಿಸಿದೆ. ಲ್ಯಾಬ್ ಗ್ರೇಡಿನದ್ದು ಮಾತ್ರ. ಗೊಬ್ಬರದಂಗಡಿಯದರಲ್ಲಿ ಕಬ್ಬಿಣ ಸೇರಿರಬಹುದು.

ವ್ಯಾಕ್ಯೂಮ್ ಯಂತ್ರ ಇಲ್ಲದ ಕಡೆ ಸಿಲಾರ್ ವಿಧಾನವೇ ವಾಸಿ, ಅಂದರೆ ಗಾಜನ್ನು ಸರದಿಯಂತೆ ಬೇರೆಬೇರೆ ಬೀಕರಿನಲ್ಲಿ ಅದ್ದಿ ಪದರ ಕಟ್ಟುವುದು. ಬೀಕರುಗಳು, ಒಂದು ಹಾಟ್‌ಪ್ಲೇಟ್ ಸಾಕು. ಕಾಪರ್ ಸಲ್ಫೇಟಿನ 0.1 ಮೋಲಾರ್ (ಲೀಟರಿಗೆ 0.1 ಮೋಲ್) ದ್ರಾವಣಕ್ಕೆ ಅಮೋನಿಯಾ ಹನಿಹನಿಯಾಗಿ ಬಿಡಬೇಕು. ಮೊದಲು ತಿಳಿನೀಲಿ ಗಸಿ ಕಟ್ಟುತ್ತದೆ. ಇನ್ನಷ್ಟು ಬಿಟ್ಟರೆ ಗಸಿ ಕರಗಿ ಬೀಕರ್ ತುಂಬ ಕಡುನೀಲಿ. ಅಲ್ಲಿಗೆ ನಿಲ್ಲಿಸಿ. ಅಮೋನಿಯಾ ಜಾಸ್ತಿಯಾದರೆ ಪದರ ಕೂರಲು ಸತಾಯಿಸುತ್ತದೆ. ಕಿಟಕಿ ತೆಗೆದಿರಲಿ, ಕಣ್ಣು ಉರಿಯುತ್ತದೆ.

ಚೆನ್ನಾಗಿ ತೊಳೆದ ಸ್ಲೈಡನ್ನು ನೀಲಿಯಲ್ಲಿ ಅದ್ದಿ, ಆಮೇಲೆ ಬಿಸಿನೀರಿಗೆ. ಅಲ್ಲಿ ನೀಲಿ ಒಡೆದು ಕಂದು ಬಣ್ಣ ಗಾಜಿಗೆ ಹಿಡಿಯುತ್ತದೆ. ನಮ್ಮೂರ ಎತ್ತರಕ್ಕೆ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ 85–90ರಲ್ಲೇ ಇಟ್ಟುಕೊಂಡೆ. ಗುಳ್ಳೆ ಎದ್ದರೆ ಪದರ ಕಲೆಕಲೆ. ಗಾಜಿನಲ್ಲಿ ಜಿಡ್ಡು ಉಳಿದಿದ್ದರೂ ಅಷ್ಟೇ, ಬೆರಳಚ್ಚು ಹಾಗೇ ಎದ್ದು ಕಾಣುತ್ತದೆ! ಅದ್ದುವುದು, ತೊಳೆಯುವುದು, ಮತ್ತೆ ಅದ್ದುವುದು: ಬೇಜಾರಿನ ಕೆಲಸವೇ. ಕೊನೆಗೆ 350 ಡಿಗ್ರಿಯಲ್ಲಿ ಒಂದು ಗಂಟೆ ಕುಲುಮೆಗೆ.

ದಪ್ಪ ತಿಳಿಯಲು ತೂಕವೇ ಸಾಕಾಯಿತು. ಒಂದು ಬದಿಯ ಪದರವನ್ನು ತೆಳು ಆಸಿಡ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. 10 ಚದರ ಸೆಂಟಿಮೀಟರಿನಲ್ಲಿ 1 ಮಿಲಿಗ್ರಾಂ ಕೂತಿದ್ದರೆ ಸುಮಾರು 160 ನ್ಯಾನೋಮೀಟರ್. ಸಾಂದ್ರತೆ ಘನ ಸೆಂಟಿಮೀಟರಿಗೆ 6.3 ಗ್ರಾಂ ಅಂತ ಹಿಡಿದ ಲೆಕ್ಕ. ಪದರದಲ್ಲಿ ಸಂದು ಇರುವುದರಿಂದ ನಿಜವಾದ ದಪ್ಪ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಎಕ್ಸ್‌ರೇ ಹಾಯಿಸಿ ಹರಳು ಯಾವುದು ಅಂತ ಗುರುತಿಸುವ ಎಕ್ಸ್‌ಆರ್‌ಡಿಯನ್ನು ಹೊರಗೆ ಮಾಡಿಸಿದೆ. 35.5 ಮತ್ತು 38.7 ಡಿಗ್ರಿ ಹತ್ತಿರ ಶಿಖರ ಬಂದರೆ ಅದು ಕ್ಯುಪ್ರಿಕ್ ಆಕ್ಸೈಡ್ (CuO). 36.4ರಲ್ಲೂ ಎದ್ದರೆ ಕ್ಯುಪ್ರಸ್ ಆಕ್ಸೈಡ್ (Cu₂O) ಬೆರೆತಿದೆ ಅಂತ. ಬ್ಯಾಂಡ್ ಗ್ಯಾಪ್ (ಪದರದ ಎಲೆಕ್ಟ್ರಾನು ಬಿಡುಗಡೆಯಾಗಿ ಹರಿಯಲು ಬೇಕಾದ ಕನಿಷ್ಠ ಶಕ್ತಿ) ಬಗ್ಗೆ ಮಾತ್ರ ಒಂದು ತಕರಾರು: ಪದರ ಬೆಳಕು ಹೀರುವುದನ್ನು ಅಳೆದು ಅದನ್ನು ಕಂಡುಹಿಡಿಯುವ ಟೌಕ್ ಗ್ರಾಫಿನಲ್ಲಿ ಗೆರೆ ಎಲ್ಲಿ ಎಳೆಯುತ್ತೀರೋ ಅದರ ಮೇಲೆ ಉತ್ತರ ಬದಲಾಗುತ್ತದೆ. ಎರಡನೇ ದಶಮಾಂಶವನ್ನು ನಾನಂತೂ ನಂಬಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಬಿಸಿ ಮುಳ್ಳಿನ (ಹಾಟ್ ಪ್ರೋಬ್) ಪರೀಕ್ಷೆ. ಮುಳ್ಳು ಅಂದರೆ ಮೀಟರಿನ ತಂತಿಯ ಚೂಪು ಮೊನೆ. ಮಲ್ಟಿಮೀಟರಿನ ಪಾಸಿಟಿವ್ ಮುಳ್ಳನ್ನು ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಎರಡೂ ಮುಳ್ಳು ಪದರಕ್ಕೆ ತಾಗಿಸಿ. ಮಿಲಿವೋಲ್ಟ್ ಮೈನಸ್ ತೋರಿಸಿದರೆ ಪಿ-ಟೈಪ್, ಅಂದರೆ ಪಾಸಿಟಿವ್ ಚಾರ್ಜು ಕರೆಂಟು ಒಯ್ಯುವ ಅರೆವಾಹಕ. ನಮ್ಮದು ಮೈನಸ್ಸೇ ತೋರಿಸಿತು.