ಪ್ರಿಫರೆನ್ಸ್‌ಕೀ ಹಿಡಿದು ಫಾರ್ಮ್ ಸರಿ ಮಾಡಿದ್ದು: ನನ್ನ ಅನುಭವ

"ಪ್ರಿಫರೆನ್ಸ್‌ಕೀ ಹ್ಯಾಕು ಕಣೋ, ಬೈಂಡಿಂಗ್ ಕೊಟ್ಟು ಮುಗಿಸು" ಅಂತ ಟೀಮಿನಲ್ಲಿ ಎಲ್ಲರೂ ಹೇಳಿದರು. ಐಫೋನ್ ಆ್ಯಪ್ ಕಟ್ಟುವ ಸ್ವಿಫ್ಟ್‌ಯುಐನಲ್ಲಿ ಒಳಗಿನ ವ್ಯೂ (ಪರದೆಯ ಒಂದು ತುಣುಕು) ತನ್ನ ಮಾಹಿತಿಯನ್ನು ಮೇಲಿನ ವ್ಯೂಗೆ ಕಳಿಸುವ ದಾರಿ ಪ್ರಿಫರೆನ್ಸ್‌ಕೀ; ಬೈಂಡಿಂಗ್ ಅಂದರೆ ಮೇಲಿನ ವ್ಯೂನ ಮೌಲ್ಯವನ್ನು ಒಳಗಿನದು ನೇರವಾಗಿ ತಿದ್ದುವ ಕೊಂಡಿ. ನಾನು ಪ್ರಿಫರೆನ್ಸ್‌ಕೀಯನ್ನೇ ಹಿಡಿದೆ. ಈಗ ನಾವು ಗ್ರಾಹಕರೊಬ್ಬರಿಗೆ ಮಾಡಿಕೊಟ್ಟ ಬಿಲ್ಲಿಂಗ್ ಆ್ಯಪ್ ಕನ್ನಡ, ಇಂಗ್ಲಿಷ್ ಎರಡರಲ್ಲೂ ಚೂರೂ ಅಲುಗದೆ ನಿಂತಿದೆ.

ಫಾರ್ಮ್‌ನ ಪ್ರತಿ ಸಾಲಿನಲ್ಲಿ ಎಡಕ್ಕೆ ಲೇಬಲ್, ಬಲಕ್ಕೆ ಟೆಕ್ಸ್ಟ್‌ಫೀಲ್ಡ್. ಅತಿ ಉದ್ದದ ಲೇಬಲ್ ಎಷ್ಟೋ ಎಲ್ಲ ಲೇಬಲ್‌ಗಳ ಅಗಲವೂ ಅಷ್ಟೇ ಇರಬೇಕು. 120 ಪಾಯಿಂಟ್ ಫಿಕ್ಸ್ ಮಾಡಿದರೆ 'ಡ್ಯೂ ಡೇಟ್' ಆರಾಮಾಗಿ ಕೂರುತ್ತದೆ, 'ಪಾವತಿಯ ಕೊನೆ ದಿನಾಂಕ' ಮುರಿದು ಎರಡು ಸಾಲಾಗುತ್ತದೆ. ಬೈಂಡಿಂಗ್‌ನಲ್ಲಿ ಪ್ರತಿ ಸಾಲೂ ದೊಡ್ಡ ಅಗಲವನ್ನು ಬರೆದಿಡುವ ದಾರಿಯೂ ನೋಡಾಯಿತು. ಅಗಲ ಹಿಗ್ಗುತ್ತದೆ, ಭಾಷೆ ಬದಲಿಸಿದಾಗ ಕುಗ್ಗುವುದೇ ಇಲ್ಲ. ಸಾಲು-ಕಾಲಂ ತಾನೇ ಹೊಂದಿಸುವ ಗ್ರಿಡ್ ಇದೆಯಲ್ಲ ಅಂತೀರಾ? ಅದಕ್ಕೆ ಐಓಎಸ್ 16 ಬೇಕು. ಗ್ರಾಹಕರ ಅಂಗಡಿಯ ಹುಡುಗರ ಕೈಲಿದ್ದದ್ದು ಐಫೋನ್ 7, ಅದು 15ಕ್ಕೇ ನಿಂತುಹೋಗಿದೆ. ಟೆಸ್ಟ್ ಮಾಡೋಕೆ ನಾನೂ ಆರೇಳು ಸಾವಿರ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ತಗೊಂಡೆ. ಲೇಬಲ್ ಸರಿಹೋಗುವ ತನಕ ಗ್ರಾಹಕರಿಂದ ಕೊನೇ ಕಂತು, ಸುಮಾರು ಇಪ್ಪತ್ತು ಸಾವಿರ, ಬರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಇದು: ಪ್ರತಿ ಲೇಬಲ್ ತನ್ನ ಅಗಲವನ್ನು ಪ್ರಿಫರೆನ್ಸ್‌ಕೀ ಮೂಲಕ ಮೇಲಕ್ಕೆ ಕಳಿಸುತ್ತದೆ, ಅದರಲ್ಲಿ ದೊಡ್ಡದು ಎಲ್ಲಕ್ಕೂ ಅನ್ವಯವಾಗುತ್ತದೆ. ಕೀಯ ಡಿಫಾಲ್ಟ್ ವ್ಯಾಲ್ಯೂ ಸೊನ್ನೆ, ಬಂದ ಮೌಲ್ಯಗಳನ್ನು ಒಂದಾಗಿಸುವ ರೆಡ್ಯೂಸ್‌ನಲ್ಲಿ ಮ್ಯಾಕ್ಸ್. ಅಲ್ಲಿ ಸುಮ್ನೆ ಮುಂದಿನ ಸಾಲಿನ ಮೌಲ್ಯ ತರುವ ನೆಕ್ಸ್ಟ್‌ವ್ಯಾಲ್ಯೂ ಹಾಕಿಬಿಟ್ಟರೆ ಕೊನೇ ಸಾಲಿನ ಅಗಲವೇ ಮೇಲೆ ಹೋಗುತ್ತದೆ. ಪೇರೆಂಟ್‌ನಲ್ಲಿ (ಮೇಲಿನ ವ್ಯೂ) ಅಗಲದ ಸ್ಟೇಟ್, ಅಂದರೆ ನೆನಪಿಡುವ ಮೌಲ್ಯ, ಮೊದಲಿಗೆ ನಿಲ್ (ಖಾಲಿ) ಇರಲಿ; ಕೀಯಿಂದ ಬಂದ ಅಗಲ ಅಲ್ಲಿ ಕೂರುತ್ತದೆ. ಆಮೇಲೆ ವ್ಯೂಗೆ ಒಂದರ ಮೇಲೊಂದು ಹಚ್ಚುವ ಮಾಡಿಫೈಯರ್‌ಗಳ ಕ್ರಮ, ಇದೇ ಎಲ್ಲರೂ ಮುಗ್ಗರಿಸುವ ಜಾಗ: ಟೆಕ್ಸ್ಟ್‌ಗೆ ಮೊದಲು ಫಿಕ್ಸೆಡ್‌ಸೈಜ್ (ಮುರಿಯದೆ ಸಹಜ ಅಗಲ ಉಳಿಸುತ್ತದೆ), ನಂತರ ಅಳತೆ ತೆಗೆಯುವ ಜಿಯೋಮೆಟ್ರಿರೀಡರ್ ಇರುವ ಬ್ಯಾಕ್‌ಗ್ರೌಂಡ್, ಅದಾದ ಮೇಲೆ ಅಗಲ ನಿಗದಿ ಮಾಡುವ ಫ್ರೇಮ್. ಫ್ರೇಮ್ ಮೊದಲು ಬಂದರೆ ನೀವು ಕೊಟ್ಟ ಅಗಲವನ್ನೇ ನೀವು ಅಳೆಯುತ್ತೀರಿ, ಅದು ಇನ್ಯಾವತ್ತೂ ಕುಗ್ಗಲ್ಲ, ಅಲ್ವಾ? ಫಿಕ್ಸೆಡ್‌ಸೈಜ್ ಬಿಟ್ಟರೆ ಫಾಂಟ್ ದೊಡ್ಡದು ಮಾಡಿದಾಗ ಲೇಬಲ್ ಹಳೇ ಅಗಲದೊಳಗೇ ಮುರಿದುಕೊಂಡು ತಪ್ಪು ಅಳತೆ ಕಳಿಸುತ್ತದೆ.

ಈ ಕೀ ಕೆಲಸ ಮಾಡಿದ ಖುಷಿಗೆ, ಇದೇ ರೀತಿ ಜಾಗದ ಗುರುತನ್ನು ಮೇಲಕ್ಕೆ ಕಳಿಸುವ ಆಂಕರ್‌ಪ್ರಿಫರೆನ್ಸ್ ಕೂಡ ಆಡಿಸಿ ನೋಡಿದೆ. ಟ್ಯಾಬ್‌ಗಳ ಬೌಂಡ್ಸ್ (ಜಾಗ, ಅಳತೆ) ಮೇಲಕ್ಕೆ ಕಳಿಸಿ, ಅದನ್ನು ಓದಿ ಮೇಲೊಂದು ಪದರ ಹಾಸುವ ಓವರ್‌ಲೇಪ್ರಿಫರೆನ್ಸ್‌ವ್ಯಾಲ್ಯೂ ಒಳಗೆ ಜಿಯೋಮೆಟ್ರಿರೀಡರ್‌ನಿಂದ ಅದನ್ನು ಬಿಡಿಸಿಕೊಂಡರೆ ಆಯ್ಕೆಯಾದ ಟ್ಯಾಬಿನ ಕೆಳಗೆ ಗೆರೆ ನುಣ್ಣಗೆ ಜಾರುತ್ತದೆ. ಬೌಂಡ್ಸ್‌ಗಾಗಿ ಸ್ಟೇಟ್ ಇಟ್ಟುಕೊಳ್ಳುವ ಗೊಡವೆಯೇ ಇಲ್ಲ. ಗ್ರಾಹಕರು ಕೇಳಿರಲಿಲ್ಲ, ನೋಡಿದ ಮೇಲೆ ತೆಗೆಯೋಕೂ ಬಿಡಲಿಲ್ಲ.

ಪರದೆಗೆ ಬರುವಾಗಷ್ಟೇ ಸಾಲು ಕಟ್ಟುವ ಲೇಜಿವಿಸ್ಟ್ಯಾಕ್‌ನಲ್ಲಿ ಮಾತ್ರ ಹುಷಾರು. ಪರದೆಗೆ ಇನ್ನೂ ಬಾರದ ಸಾಲು ತನ್ನ ಅಗಲ ಹೇಳಲ್ಲ, ಸ್ಕ್ರೋಲ್ ಮಾಡಿದ ಹಾಗೆ ಇಡೀ ಫಾರ್ಮ್ ಜಿಗಿಯುತ್ತದೆ. ಇಪ್ಪತ್ತು ಮೂವತ್ತು ಸಾಲಿಗೆ ಎಲ್ಲವನ್ನೂ ಒಟ್ಟಿಗೆ ಕಟ್ಟುವ ಸಾದಾ ವಿಸ್ಟ್ಯಾಕ್ ಸಾಕು. ನೂರಾರು ಸಾಲಿಗೆ ನನ್ನ ಹತ್ತಿರ ಬೇರೆ ಉಪಾಯ ಇದೆ, ಅದು ಮುಂದಿನ ಪ್ರಾಜೆಕ್ಟಿನ ಬಂಡವಾಳ, ಇಲ್ಲಿ ಬರೆಯಲ್ಲ.