ಬೆಳ್ಳಿ ರೂಪಾಯಿಯನ್ನು ನಾನು ನೀರಲ್ಲಿ ತೂಗಿ ನೋಡುವ ಬಗೆ

ಬೆಳಗಾವಿಯ ಹಳೆ ಮನೆಗಳ ದೇವರ ಪೆಟ್ಟಿಗೆಯಲ್ಲಿ ರಾಣಿ ಛಾಪಿನ ರೂಪಾಯಿ ಸಿಗುವುದು ಹೊಸದಲ್ಲ. ಗೋವಾ ಹತ್ತಿರ ಇರುವುದರಿಂದ ಪೋರ್ಚುಗೀಸರ 1881, 1882ರ ರೂಪಿಯಾ ಕೂಡ ಆಗಾಗ ಕಣ್ಣಿಗೆ ಬೀಳುತ್ತದೆ. ಇದು ಬೆಳ್ಳಿಯೋ ಅಲ್ಲವೋ ಅಂತ ಅನುಮಾನ ಬಂದರೆ ಜನ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಇಲ್ಲಾ ಪತ್ತಾರರ ಹತ್ತಿರ ಒಯ್ದು ಒರೆಗಲ್ಲಿಗೆ ಉಜ್ಜಿಸಿ ಆಸಿಡ್ ಹಾಕಿಸುತ್ತಾರೆ. ಒಡವೆಗೆ ಒರೆ ಸರಿ, ನಾಣ್ಯಕ್ಕೆ ಖಂಡಿತ ಬೇಡ. ಗೀರು ಬಿದ್ದರೆ ಹೋಗುವುದಿಲ್ಲ, ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆಯೂ ಇಳಿಯುತ್ತದೆ. ನಾನು ನಂಬುವುದು ನೀರನ್ನು.

ಮೊದಲು ಅಯಸ್ಕಾಂತ ಹಿಡಿಯುತ್ತೇನೆ. ಅಂಟಿದರೆ ಬೆಳ್ಳಿ ಅಲ್ಲ. ಆದರೆ ಅಂಟಿದ್ದೆಲ್ಲ ಖೋಟಾ ಅಂತಲೂ ಅಲ್ಲ. ಹಿಂದೆ ಹುಲಿ ಇರುವ 1947ರ ರೂಪಾಯಿ ಅಸಲಿಯಾಗಿಯೇ ನಿಕಲ್, ಅದು ಅಂಟಲೇಬೇಕು.

ಆಮೇಲೆ ತೂಕ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ನಾಣ್ಯವನ್ನು ಹಾಗೆಯೇ ತೂಗಿ ಬರೆದುಕೊಳ್ಳುತ್ತೇನೆ. ನಂತರ ಹಗುರವಾದ ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡುತ್ತೇನೆ. ಎರಡೂ ಕಡೆ ಪುಸ್ತಕ ಪೇರಿಸಿ, ಅಡ್ಡ ಒಂದು ಪೆನ್ ಇಟ್ಟು, ಸಣ್ಣ ನೈಲಾನ್ ದಾರದಿಂದ ನಾಣ್ಯವನ್ನು ನೀರೊಳಗೆ ಇಳಿಬಿಡುತ್ತೇನೆ. ಪೂರ್ತಿ ಮುಳುಗಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಗುಳ್ಳೆ ಅಂಟಿಕೊಂಡಿದ್ದರೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಬೇಕು. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಉದಾಹರಣೆಗೆ 11.55 ಗ್ರಾಂ ನಾಣ್ಯ, ನೀರಲ್ಲಿ 1.12. ಉತ್ತರ 10.3.

1835ರಿಂದ ಬಂದ ಬ್ರಿಟಿಷ್ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಇದಕ್ಕೆ 10.3 ಸುಮಾರು ಬರಬೇಕು. ಹೆಸರಿಗೆ ಮಾತ್ರ ಸಿಲ್ವರ್ ಆಗಿ, ತಾಮ್ರ, ನಿಕಲ್, ಸತು ಬೆರೆತ ಜರ್ಮನ್ ಸಿಲ್ವರ್ ಆದರೆ 8.6ರ ಆಸುಪಾಸು. ರೂಪಾಯಿಯ ಮೂಲ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಸವೆದ ನಾಣ್ಯದ ತೂಕ ಇಳಿದಿರುತ್ತದೆ, ಸಾಂದ್ರತೆ ಮಾತ್ರ ಇಳಿಯುವುದಿಲ್ಲ. ಈ ಪರೀಕ್ಷೆ ನನಗೆ ಇಷ್ಟವಾಗುವುದೇ ಅದಕ್ಕೆ.

ನಮ್ಮ ಓಣಿಯ ಅಜ್ಜಿ ಒಬ್ಬರು 1944ರ ರೂಪಾಯಿ ತಂದು, "ತಮ್ಮಾ, ಇದು ಖರೇ ಬೆಳ್ಳಿ ಐತೇನ್ ನೋಡೋ" ಅಂದರು. ಬಂದದ್ದು 9.5. ಅದು ಸರಿಯೇ. ಯುದ್ಧದ ಕಾಲಕ್ಕೆ, 1940ರಿಂದ, ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕಲ್, ಸತು ಸೇರಿಸಿತು. "ಅಜ್ಜಿ, ನಾಣ್ಯ ಅಸಲಿ ಐತಿ, ಬೆಳ್ಳಿ ಅರ್ಧ ಐತಿ" ಅಂದೆ. ಇಸವಿ ನೋಡದೆ ಸುಮ್ನೆ ಅಂಕಿ ಹಿಡಿದು ಕೂತರೆ ಇಂಥ ಒಳ್ಳೆ ನಾಣ್ಯಕ್ಕೂ ಖೋಟಾ ಅನ್ನುವ ಹೆಸರು ಬರುತ್ತದೆ.

ಸಣ್ಣ ನಾಣ್ಯಕ್ಕೆ ಇದು ಕಷ್ಟ. ಬೆಳ್ಳಿಯ ಎರಡಾಣೆ ಬರೀ 1.46 ಗ್ರಾಂ. ನೀರಲ್ಲಿ 0.14 ತೋರಿಸಿದರೆ 10.4, 0.15 ತೋರಿಸಿದರೆ 9.7! ಒಂದೇ ಕಾಲದ ಹಲವು ಎರಡಾಣೆ ಇದ್ದರೆ ಎಲ್ಲವನ್ನೂ ಒಟ್ಟಿಗೆ ಕಟ್ಟಿ ತೂಗುತ್ತೇನೆ. ರೂಪಾಯಿಗಾದರೂ ಒಂದೇ ಸಲಕ್ಕೆ ನಿಲ್ಲಿಸದೆ ಮತ್ತೆ ಮತ್ತೆ ಅದ್ದಿ ಸರಾಸರಿ ತೆಗೆಯುವುದು ಒಳ್ಳೆಯದು. ತಕ್ಕಡಿ ಮೇಲೆ ಭರವಸೆ ಬರಲು 1947ರ ನಿಕಲ್ ರೂಪಾಯಿಯನ್ನು ಮೊದಲು ಅದ್ದಿ ನೋಡಿ, 8.9ರ ಹತ್ತಿರ ಬರಬೇಕು.

ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಇರುವ ಕಡೆ ಒಯ್ದರೆ ಗೀರು ಬೀಳದೆ ಯಾವ ಲೋಹ ಎಷ್ಟು ಅಂತ ಸಿಗುತ್ತದೆ. ಆದರೆ ಅದು ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ದಪ್ಪ ಬೆಳ್ಳಿ ಲೇಪ ಇದ್ದರೆ ಯಂತ್ರ ಬೆಳ್ಳಿ ಅನ್ನುತ್ತದೆ, ನೀರು ಅಲ್ಲ ಅನ್ನುತ್ತದೆ. ಸೀಸ ಬೆರೆಸಿ 10.3ಕ್ಕೆ ತಂದ ಲೋಹ ನೀರನ್ನೂ ದಾಟಬಹುದು. ಅಲ್ಲಿ ಯಂತ್ರ ಹಿಡಿಯುತ್ತದೆ. ದುಬಾರಿ ನಾಣ್ಯವಾದರೆ ನಾನು ಎರಡನ್ನೂ ಮಾಡಿಸುತ್ತೇನೆ.

1939ರ ರೂಪಾಯಿ ಬಹಳ ಅಪರೂಪ, ಬೆಲೆಯೂ ಜಾಸ್ತಿ. ಯಾರಾದರೂ 1938ರದ್ದರ ಕೊನೆಯ ಅಂಕಿ ತಿದ್ದಿದ್ದರೆ ಬೆಳ್ಳಿ ಅದೇ ಅಲ್ವಾ, ನೀರಲ್ಲೂ ಯಂತ್ರದಲ್ಲೂ ಪಾಸಾಗುತ್ತದೆ. ಅಂಥದ್ದು ಕೈಗೆ ಬಂದಾಗ ತಕ್ಕಡಿ ಬದಿಗಿಟ್ಟು ಭೂತಗನ್ನಡಿಯಲ್ಲಿ ಆ 9ರ ಬುಡವನ್ನು ನೋಡುತ್ತೇನೆ.